ಹತ್ತು ಮುಖದ ಕಾರಂತರು, ಒಂದೇ ದಿನದ ರಜೆ

ಭಾನುವಾರ ಸಂಜೆ ಏಳೂವರೆ ಹೊತ್ತಿಗೆ ಕರಾವಳಿಯ ಯಾವ ಬಸ್‌ಸ್ಟ್ಯಾಂಡಿನ ಹತ್ತಿರವಾದರೂ ಐದು ನಿಮಿಷ ನಿಂತು ನೋಡಿ. ಬಾಡಿಗೆ ಟೆಂಪೋದಿಂದ ಒಂದು ಸಂಸಾರ ಇಳಿಯುತ್ತದೆ. ಯಜಮಾನರ ಮುಖ ಬಾಡಿದೆ. ಸಣ್ಣ ಮಗು ತಾಯಿಯ ಹೆಗಲ ಮೇಲೆ ನಿದ್ದೆ. ದೊಡ್ಡ ಹುಡುಗ ದಾರಿಯಲ್ಲಿ ಎರಡು ಸಲ ವಾಂತಿ ಮಾಡಿ ಹೈರಾಣಾಗಿದ್ದಾನೆ.

"ಎಲ್ಲಿಗೆ ಹೋದದ್ದು?" ಅಂತ ಕೇಳಿದರೆ ಪಟ್ಟಿ ಸಿದ್ಧ ಉಂಟು. ಏಳು ದೇವಸ್ಥಾನ, ಎರಡು ಬೀಚು, ಒಂದು ಫಾಲ್ಸು.

"ಎಂತ ನೋಡಿದ್ರಿ?" ಅಂದರೆ ಮಾತ್ರ ಯಜಮಾನರು ಒಂದು ಗಳಿಗೆ ಸುಮ್ಮನಾಗುತ್ತಾರೆ. "ಎಂತ ನೋಡುದು ಮಾರಾಯ್ರೆ, ಎಲ್ಲ ಕಡೆ ರಶ್ಶು" ಅನ್ನುತ್ತಾರೆ.

ಇದು ನಗುವ ವಿಷಯವಲ್ಲ. ಸಂಬಳದವರಿಗೆ ರಜೆ ಅಂದರೆ ರಜೆ. ಅಂಗಡಿಯವರಿಗೆ ಹಾಗಲ್ಲ. ಒಂದು ದಿನ ಬಾಗಿಲು ಹಾಕಿದರೆ ಆ ದಿನದ ವ್ಯಾಪಾರ ಹೋಯಿತು, ಬಂದ ಗಿರಾಕಿ ಪಕ್ಕದ ಅಂಗಡಿ ನೋಡಿಕೊಂಡ. ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಕೆಲಸಕ್ಕೆ ಹೋಗುವವರಿಗೆ ವಾರದ ಒಂದು ರಜೆಯೂ ಬಸ್ಸಿನಲ್ಲೇ ಕಳೆಯುವುದೆಂದರೆ ಸಣ್ಣ ತ್ಯಾಗವಲ್ಲ. ಇಷ್ಟು ಕಷ್ಟದಿಂದ ಸಂಪಾದಿಸಿದ ಒಂದು ದಿನ, ಸಂಜೆ ಲೆಕ್ಕ ಹಾಕುವಾಗ ಕೈಯಲ್ಲಿ ಏನೂ ಉಳಿಯಲಿಲ್ಲ ಎಂದಾದರೆ ತಪ್ಪಿದ್ದು ಎಲ್ಲಿ?

ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಕರಾವಳಿಯವರೇ ಆದ ಒಬ್ಬರು ಊರೂರು ಸುತ್ತಿ, ದೇಶ ದೇಶ ತಿರುಗಿ, ಅದನ್ನೆಲ್ಲ ಬರೆದಿಟ್ಟು ಹೋಗಿದ್ದಾರೆ. ಅವರು ಕೋಟ ಶಿವರಾಮ ಕಾರಂತರು.

ಎಷ್ಟೊಂದು ಹುಚ್ಚು!

1902ರ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿದ ಕಾರಂತರು 1997ರ ಡಿಸೆಂಬರ್ 9ರಂದು ತೀರಿಕೊಂಡರು. ತೊಂಬತ್ತೈದು ವರ್ಷದ ಬಾಳು. ಆ ಬಾಳಿನಲ್ಲಿ ಅವರು ಕೈ ಹಾಕದ ಕೆಲಸ ಯಾವುದು ಎಂದು ಹುಡುಕುವುದೇ ಕಷ್ಟ.

ಕಾಲೇಜಿಗೆ ಹೋಗುತ್ತಿದ್ದ ಹುಡುಗ ಗಾಂಧೀಜಿಯವರ ಕರೆ ಕೇಳಿ ಓದು ಬಿಟ್ಟ. ಆಮೇಲೆ 'ವಸಂತ' ಎಂಬ ಪತ್ರಿಕೆ ನಡೆಸಿದ್ದಾಯಿತು. ನಾಟಕ ಬರೆದು ಆಡಿಸಿದ್ದಾಯಿತು. ಮೂಕಿ ಚಿತ್ರಗಳ ಕಾಲದಲ್ಲಿ ಸಿನಿಮಾ ತೆಗೆದದ್ದೂ ಆಯಿತು. ಪುತ್ತೂರಿನಲ್ಲಿ ಬಾಲವನ ಕಟ್ಟಿ ಮಕ್ಕಳಿಗೆ ಆಟ, ಕುಣಿತ, ಚಿತ್ರಗಳ ಮೂಲಕ ಪಾಠ ಹೇಳುವ ಪ್ರಯೋಗ ಮಾಡಿದರು. ಮಕ್ಕಳಿಗಾಗಿ 1936ರಲ್ಲಿ 'ಬಾಲಪ್ರಪಂಚ'ದ 3 ಸಂಪುಟ, ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ದ 4 ಸಂಪುಟ ಬರೆದರು. ಒಂದು ಸಂಸ್ಥೆಯೇ ಕೂತು ಮಾಡಬೇಕಾದ ಕೆಲಸ, ಒಬ್ಬರೇ ಮಾಡಿದ್ದು!

ಇದರ ನಡುವೆ ಕಾದಂಬರಿಗಳು. ನಲವತ್ತಕ್ಕೂ ಹೆಚ್ಚು. 'ಚೋಮನ ದುಡಿ', 'ಮರಳಿ ಮಣ್ಣಿಗೆ', 'ಬೆಟ್ಟದ ಜೀವ', 'ಅಳಿದ ಮೇಲೆ' ಇವನ್ನು ಓದದವರೂ ಹೆಸರು ಕೇಳಿರುತ್ತಾರೆ. 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ 1977ರ ಜ್ಞಾನಪೀಠ ಬಂತು. ಆದರೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದದ್ದು ಕಾದಂಬರಿಗಲ್ಲ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. 1959ರಲ್ಲಿ ಆ ಬಹುಮಾನ ಸಿಕ್ಕಿದ್ದು 'ಯಕ್ಷಗಾನ ಬಯಲಾಟ' ಎಂಬ ಪುಸ್ತಕಕ್ಕೆ. ನಮ್ಮ ಗದ್ದೆಯಲ್ಲಿ ರಾತ್ರಿ ಇಡೀ ನಡೆಯುವ ಆಟದ ಮೇಲಿನ ಪುಸ್ತಕ ದೆಹಲಿಯ ಬಹುಮಾನ ತಂದಿತು.

ಬರೆದು ಸುಮ್ಮನಾದವರಲ್ಲ. ಯಕ್ಷಗಾನಕ್ಕೆ ವಯೊಲಿನ್ ತಂದರು, ಸ್ಯಾಕ್ಸೊಫೋನ್ ತಂದರು, ಮಾತು ಬಿಟ್ಟು ಕುಣಿತದಲ್ಲೇ ಕಥೆ ಹೇಳಿಸಿದರು. ಹಳಬರು ಸಿಟ್ಟಾದರು. ಕಾರಂತರು ಬಿಡಲಿಲ್ಲ. ತುರ್ತುಪರಿಸ್ಥಿತಿ ಬಂದಾಗ ಪದ್ಮಭೂಷಣವನ್ನು ಸರಕಾರಕ್ಕೆ ವಾಪಸು ಕೊಟ್ಟರು. ಕೈಗಾ ಅಣುಸ್ಥಾವರ ಬೇಡ ಎಂದು ಹೋರಾಡಿ, 87ರ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೂ ನಿಂತರು. ಗೆಲ್ಲಲಿಲ್ಲ. ಅದಕ್ಕಾಗಿ ತಲೆ ಕೆಡಿಸಿಕೊಂಡು ಮೂಲೆ ಸೇರಲೂ ಇಲ್ಲ. ಕೊನೆಗಾಲದಲ್ಲಿ ಕೈಗೆ ತೆಗೆದುಕೊಂಡದ್ದು ಹಕ್ಕಿಗಳ ಬಗ್ಗೆ ಒಂದು ಪುಸ್ತಕ!

ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು 'ಹುಚ್ಚು ಮನಸ್ಸಿನ ಹತ್ತು ಮುಖಗಳು'. 1948ರಲ್ಲಿ ಬಂದ ಪುಸ್ತಕ. ಆಮೇಲೆ ಇನ್ನೂ ಸುಮಾರು ಐವತ್ತು ವರ್ಷ ಬದುಕಿದರು. ಮುಖ ಹತ್ತಕ್ಕೆ ನಿಂತಿರಲಿಕ್ಕಿಲ್ಲ.

ತಿರುಗಾಟಕ್ಕೂ ಒಂದು ಕೆಲಸ

ಇಷ್ಟು ಹುಚ್ಚು ಹಿಡಿದ ಮನುಷ್ಯ ಪ್ರವಾಸ ಹೋದರೆ ಹೇಗೆ ಹೋಗಬಹುದು? ಕಂಡದ್ದೆಲ್ಲ ನೋಡುತ್ತ, ದಿಕ್ಕುಗೆಟ್ಟು ಅಲೆಯಬಹುದು ಎಂದು ಯಾರಿಗಾದರೂ ಅನಿಸೀತು. ವಿಷಯ ಹಾಗಿಲ್ಲ.

ಅವರ ಪ್ರವಾಸದ ಪುಸ್ತಕಗಳು ಹಲವು ಉಂಟು. 'ಅಬೂವಿಂದ ಬರಾಮಕ್ಕೆ', ಯೂರೋಪಿನ ತಿರುಗಾಟದ 'ಅಪೂರ್ವ ಪಶ್ಚಿಮ', 'ಪೂರ್ವದಿಂದ ಅತ್ಯಪೂರ್ವಕ್ಕೆ', 'ಪಾತಾಳಕ್ಕೆ ಪಯಣ'. ಇನ್ನೊಂದರ ಹೆಸರು 'ಯಕ್ಷರಂಗಕ್ಕಾಗಿ ಪ್ರವಾಸ'. ಆ ಹೆಸರಿನಲ್ಲೇ ಗುಟ್ಟು ಉಂಟು. ಎಲ್ಲಿಗೆ ಹೋದದ್ದು ಎಂಬುದು ಅದರಲ್ಲಿ ಇಲ್ಲ, ಯಾತಕ್ಕಾಗಿ ಹೋದದ್ದು ಎಂಬುದು ಉಂಟು. ಶಿಲ್ಪದ ಮೇಲೆ ಬರೆಯಬೇಕೆಂದಾಗ ಗುಡಿಗಳ ಕಡೆ ಹೋದರು. ಯಕ್ಷಗಾನದ ಮೇಲೆ ಬರೆಯಬೇಕೆಂದಾಗ ಭಾಗವತರ ಮನೆ, ಹಳೇ ತಾಳೆಗರಿ, ಆಟದ ಚೌಕಿ ಹುಡುಕಿಕೊಂಡು ತಿರುಗಿದರು.

ಮನಸ್ಸಿಗೆ ಹತ್ತು ಮುಖ ಇರಲಿ, ಒಂದು ಪ್ರಯಾಣಕ್ಕೆ ಒಂದೇ ಮುಖ ಸಾಕು. ನಮ್ಮ ಭಾನುವಾರದ ಯಜಮಾನರು ಮಾಡುವುದು ಇದಕ್ಕೆ ಸರಿಯಾಗಿ ಉಲ್ಟಾ. ವರ್ಷವಿಡೀ ಒಂದೇ ಮುಖ, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಖ. ಪ್ರವಾಸದ ಒಂದು ದಿನಕ್ಕೆ ಮಾತ್ರ ಹತ್ತು ಮುಖ ಬೇಕು!

ಮತ್ತೂ ಒಂದು ಮಾತು. ಕಾರಂತರು ತಿರುಗಾಟ ಸುರು ಮಾಡಿದ ಕಾಲದಲ್ಲಿ ನಮ್ಮ ಹೊಳೆಗಳಿಗೆ ಈಗಿನಂತೆ ಸೇತುವೆ ಇರಲಿಲ್ಲ. ಕಡವಿನಲ್ಲಿ ದೋಣಿ ಕಾಯಬೇಕು, ಆಚೆ ದಡದಲ್ಲಿ ಮತ್ತೆ ಗಾಡಿಯೋ ಬಸ್ಸೋ ಸಿಕ್ಕಬೇಕು. ಒಂದು ದಿನಕ್ಕೆ ಒಂದು ಊರು ಕಂಡರೆ ಹೆಚ್ಚು. ಆ ನಿಧಾನವೇ ಆಗಿನವರ ಕಣ್ಣಿಗೆ ತರಬೇತಿ ಕೊಟ್ಟಿರಬೇಕು. ಈಗ ರಸ್ತೆ ನುಣ್ಣಗಾಗಿದೆ, ಕಣ್ಣು ಮಾತ್ರ ಮೊಬೈಲಿನಲ್ಲಿ.

ಮೊದಲನೇ ಭಾನುವಾರ: ಕೋಟ

ಹಾಗಾದರೆ ಕಾರಂತರನ್ನೇ ಒಂದು ನೆಪ ಮಾಡಿಕೊಂಡು ಹೊರಡಬಹುದಲ್ಲ? ಮೂರು ಭಾನುವಾರ, ಮೂರು ಪ್ರಯಾಣ. ಒಂದೇ ದಿನ ಮೂರನ್ನೂ ಮುಗಿಸುವ ಆಸೆ ಬೇಡ.

ಕೋಟ ಇರುವುದು ಉಡುಪಿಯಿಂದ ಸುಮಾರು 25 ಕಿಲೋಮೀಟರು ಉತ್ತರಕ್ಕೆ, ಬ್ರಹ್ಮಾವರ ದಾಟಿ, ಕುಂದಾಪುರ ಸಿಗುವುದಕ್ಕೆ ಮುಂಚೆ. ರಾಷ್ಟ್ರೀಯ ಹೆದ್ದಾರಿ 66ರ ಮೇಲೇ ಉಂಟು. ಕುಂದಾಪುರದ ಬಸ್ಸು ಹತ್ತುವ ಮುಂಚೆ ಒಂದು ಮಾತು ಕೇಳಿಕೊಳ್ಳಿ: "ಇದು ಕೋಟದಲ್ಲಿ ನಿಲ್ತದಾ?" ಎಕ್ಸ್‌ಪ್ರೆಸ್ ಬಸ್ಸು ಎಲ್ಲ ಸ್ಟಾಪಿನಲ್ಲಿ ನಿಲ್ಲುವುದಿಲ್ಲ. ಸರ್ವಿಸ್ ಬಸ್ಸು ನಿಲ್ಲುತ್ತದೆ, ಹೊತ್ತು ಮಾತ್ರ ಸ್ವಲ್ಪ ಹೆಚ್ಚು. ಮಕ್ಕಳು, ಮುದುಕರು ಇದ್ದರೆ ಹೆದ್ದಾರಿ ದಾಟುವಾಗ ಬಹಳ ಜಾಗ್ರತೆ. ಊರು ಆಚೆ ಈಚೆ ಉಂಟು, ನಡುವೆ ವಾಹನಗಳು ಬಾಣದ ಹಾಗೆ ಹೋಗುತ್ತವೆ.

ಕೋಟತಟ್ಟಿನಲ್ಲಿ ಕಾರಂತರ ಹೆಸರಿನ ಥೀಮ್ ಪಾರ್ಕ್ ಉಂಟು. ಕೋಟದ ಅಮೃತೇಶ್ವರಿ, ಪಕ್ಕದ ಸಾಲಿಗ್ರಾಮದ ಗುರುನರಸಿಂಹ, ಎರಡೂ ಹತ್ತಿರ ಹತ್ತಿರ. ಸಾಲಿಗ್ರಾಮದಲ್ಲೇ ಕಾರಂತರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು. ಬಿಸಿಲು ಇಳಿದ ಮೇಲೆ ಕಡಲ ಕಡೆ ನಡೆಯಿರಿ. 'ಮರಳಿ ಮಣ್ಣಿಗೆ'ಯ ಮೂರು ತಲೆಮಾರಿನ ಕಥೆ ಇಂಥದೇ ತೀರದ ಕೋಡಿ ಎಂಬ ಹಳ್ಳಿಯದು. ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ಗದ್ದೆ, ನಡುವೆ ದುಡಿದು ದುಡಿದು ಸವೆಯುವ ಹೆಂಗಸರು. ಮಗ ಪೇಟೆಗೆ ಹೋಗಿ ಹಾಳಾಗುವುದು, ಮೊಮ್ಮಗ ಸುತ್ತಿ ಬಳಲಿ ಮಣ್ಣಿಗೆ ಮರಳುವುದು. ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡು ಊರಿನಲ್ಲಿ ಗದ್ದೆ ಪಾಳು ಬಿಟ್ಟವರು ಆ ಪುಸ್ತಕ ಓದಿ ಇಲ್ಲಿ ಅರ್ಧ ಗಂಟೆ ಕೂತರೆ ಸಾಕು, ಬೇರೆ ಯಾರೂ ಉಪದೇಶ ಮಾಡಬೇಕಾಗಿಲ್ಲ.

ಆಟ ನೋಡುವ ಮನಸ್ಸಿದ್ದರೆ ತಿಂಗಳು ನೋಡಿ ಹೊರಡಬೇಕು. ಮೇಳಗಳು ತಿರುಗಾಟಕ್ಕೆ ಹೊರಡುವುದು ಮಳೆ ಹೋದ ಮೇಲೆ, ನವೆಂಬರ್ ಡಿಸೆಂಬರಿನಲ್ಲಿ. ಮೇ ತಿಂಗಳ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ಬಂದು "ಇಲ್ಲಿ ಬಯಲಾಟ ಎಲ್ಲುಂಟು?" ಅಂತ ಕೇಳಿದರೆ ಊರವರು ನಗುತ್ತಾರೆ.

ಎರಡನೇ ಭಾನುವಾರ: ಪುತ್ತೂರು

ಮಂಗಳೂರಿನಿಂದ ಬಿ.ಸಿ.ರೋಡು, ಮಾಣಿ, ಕಬಕ ದಾಟಿ ಸುಮಾರು 50 ಕಿಲೋಮೀಟರು. ರೈಲಿನಲ್ಲಿ ಹೋಗುವವರು ಟಿಕೇಟಿನಲ್ಲಿ ಬರೀ ಪುತ್ತೂರು ಎಂದು ಹುಡುಕಬೇಡಿ. ಸ್ಟೇಷನ್ನಿನ ಹೆಸರು ಕಬಕ ಪುತ್ತೂರು. ಆಂಧ್ರದಲ್ಲೂ ಒಂದು ಪುತ್ತೂರು ಉಂಟು!

ಬಾಲವನ ಇರುವುದು ಪರ್ಲಡ್ಕದಲ್ಲಿ. ಪೇಟೆಯಿಂದ ಆಟೋ ಹಿಡಿದರೆ ಸ್ವಲ್ಪ ಹೊತ್ತಿನ ದಾರಿ. ಕಾರಂತರು ಬಾಳಿದ ಮನೆ ಅಲ್ಲುಂಟು, ಮರಗಳುಂಟು, ಈಜುಕೊಳ ಉಂಟು. ಹೋದ ಕೂಡಲೆ ಮನೆಯ ಮುಂದೆ ನಿಂತು ಫೋಟೋ ಹೊಡೆಸಿಕೊಂಡು ವಾಪಸು ಬರುವುದಾದರೆ ಹತ್ತು ನಿಮಿಷದ ಕೆಲಸ. ಹಾಗೆ ಮಾಡಿದವರು "ಅಲ್ಲಿ ಎಂತ ಇಲ್ಲ ಮಾರಾಯ್ರೆ" ಎಂದೇ ಹೇಳುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ಒಂದು ಗಂಟೆ ಬಿಟ್ಟುಬಿಡಿ. ಮರ ಹತ್ತಲಿ ಎಂದಲ್ಲ, ಎಲೆ ಹೆಕ್ಕಲಿ, ಹಕ್ಕಿ ಎಣಿಸಲಿ, ಚಿತ್ರ ಬರೆಯಲಿ. ಆ ಜಾಗ ಕಟ್ಟಿದ್ದು ಅದಕ್ಕಾಗಿ. ಪರೀಕ್ಷೆಯ ಮಾರ್ಕು ಬಿಟ್ಟರೆ ಮಕ್ಕಳ ಬಗ್ಗೆ ಬೇರೆ ಮಾತೇ ಆಡದ ತಂದೆತಾಯಿಗಳಿಗೆ ಆ ಒಂದು ಗಂಟೆ ಮಕ್ಕಳಿಗಿಂತ ಹೆಚ್ಚು ಉಪಯೋಗ.

ಮಧ್ಯಾಹ್ನ ಮಹಾಲಿಂಗೇಶ್ವರ ದೇವಸ್ಥಾನದ ಕಡೆ ಬನ್ನಿ. ಆದರೆ ಏಪ್ರಿಲಿನ ಜಾತ್ರೆಯ ದಿನಗಳಲ್ಲಿ ಜಾತ್ರೆಗೆಂದೇ ಬರುವವರು ಮಾತ್ರ ಬನ್ನಿ. ಬಾಲವನ ನಿಧಾನಕ್ಕೆ ನೋಡುವ ದಿನ ಅದಲ್ಲ. ಬಾಲವನ, ಥೀಮ್ ಪಾರ್ಕ್ ಇಂಥ ಕಡೆ ಹೋಗುವ ಮುಂಚೆ ಬಾಗಿಲು ಯಾವಾಗ ತೆರೆಯುತ್ತದೆ, ವಾರದ ರಜೆ ಯಾವತ್ತು ಎಂದು ಒಂದು ಫೋನು ಹಾಕಿ ಕೇಳುವುದು ಒಳ್ಳೆಯದು. ಐವತ್ತು ಕಿಲೋಮೀಟರು ಹೋಗಿ ಬೀಗ ನೋಡಿಕೊಂಡು ಬರುವುದಕ್ಕಿಂತ ಒಂದು ಫೋನಿನ ಖರ್ಚು ಕಡಿಮೆ.

ಮೂರನೇ ಭಾನುವಾರ: ದಾರಿ ತಪ್ಪಿದ ಜಾಗ

'ಬೆಟ್ಟದ ಜೀವ' 1943ರ ಕಾದಂಬರಿ. ಸುಬ್ರಹ್ಮಣ್ಯದ ಕಾಡಿನ ಕಡೆ ಹೊರಟ ಒಬ್ಬ ಪ್ರಯಾಣಿಕ ದಾರಿ ತಪ್ಪುತ್ತಾನೆ. ಕತ್ತಲಾಗುತ್ತದೆ. ದಾರಿಯಲ್ಲಿ ಸಿಕ್ಕಿದ ಹಳ್ಳಿಗರು ಅವನನ್ನು ಗೋಪಾಲಯ್ಯ, ಶಂಕರಮ್ಮ ಎಂಬ ಮುದಿ ದಂಪತಿಗಳ ಮನೆಗೆ ಮುಟ್ಟಿಸುತ್ತಾರೆ. ಗುರುತಿಲ್ಲದವನಿಗೆ ಬಿಸಿನೀರು, ಊಟ, ಹಾಸಿಗೆ, ಮುಗಿಯದ ಮಾತು. ಕಾಡು ಕಡಿದು ತೋಟ ಮಾಡಿದ ಹಠಮಾರಿ ಮುದುಕ, ಮನೆ ಬಿಟ್ಟು ಹೋದ ಮಗನಿಗಾಗಿ ಒಳಗೊಳಗೇ ಬೇಯುವ ತಾಯಿ. ಒಂದು ರಾತ್ರಿಗೆ ಬಂದವನು ದಿನಗಟ್ಟಲೆ ಉಳಿಯುತ್ತಾನೆ. ಕನ್ನಡದ ದೊಡ್ಡ ಕಾದಂಬರಿಯೊಂದು ಹುಟ್ಟಿಕೊಂಡದ್ದು ದಾರಿ ತಪ್ಪಿದ್ದರಿಂದ!

ಹಾಗೆಂದು ಇವತ್ತು ಯಾರೂ ಬೇಕೆಂದೇ ದಾರಿ ತಪ್ಪಬೇಡಿ. ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಸರಕಾರಿ ಬಸ್ಸುಗಳುಂಟು, ಸುಮಾರು 50 ಕಿಲೋಮೀಟರು. ರೈಲಿನಲ್ಲಿ ಬರುವವರು ಗಮನಿಸಬೇಕು: 'ಸುಬ್ರಹ್ಮಣ್ಯ ರೋಡ್' ಸ್ಟೇಷನ್ ಇರುವುದು ನೆಟ್ಟಣದಲ್ಲಿ. ಅಲ್ಲಿಂದ ದೇವಸ್ಥಾನಕ್ಕೆ ಇನ್ನೂ ಹತ್ತು ಕಿಲೋಮೀಟರಿಗೂ ಹೆಚ್ಚು ರಸ್ತೆ ಉಂಟು. ರಾತ್ರಿ ರೈಲಿನಲ್ಲಿ ಇಳಿದು ಪರದಾಡುವವರು ಈ ಲೆಕ್ಕ ತಪ್ಪಿದವರೇ. ನವೆಂಬರ್ ಡಿಸೆಂಬರಿನ ಚಂಪಾಷಷ್ಠಿಯ ಹೊತ್ತಿಗೆ ಜನಸಾಗರ. ರೂಮು ಸಿಗುತ್ತದೆ ಎಂದು ಧೈರ್ಯ ಮಾಡಬೇಡಿ.

ಕುಮಾರಪರ್ವತ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಅಷ್ಟು ಸುಲಭವಲ್ಲ. 1712 ಮೀಟರು ಎತ್ತರ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು, ಮಳೆಗಾಲದಲ್ಲಿ ಬಿಡುವುದಿಲ್ಲ. ಸಂಸಾರ ಸಮೇತ ಒಂದು ದಿನಕ್ಕೆ ಬಂದವರು ಬೆಟ್ಟವನ್ನು ಕೆಳಗಿನಿಂದಲೇ ನೋಡಿ ತೃಪ್ತರಾಗುವುದು ಬುದ್ಧಿವಂತಿಕೆ. ಕುಮಾರಧಾರೆಯಲ್ಲಿ ಕಾಲು ತೊಳೆಯುವಾಗ ಮಳೆಯ ನೀರಿನ ಸೆಳೆತ ಮರೆಯಬೇಡಿ. ತಿಂದ ಪ್ಯಾಕೆಟನ್ನು ಹೊಳೆಗೆ ಎಸೆಯುವವರಿಗೆ, ಕಾಡಿಗಾಗಿ ಮುದಿವಯಸ್ಸಿನಲ್ಲಿ ಬೀದಿಗಿಳಿದ ಮನುಷ್ಯನ ಹೆಸರು ಹೇಳಿಕೊಂಡು ಇಲ್ಲಿಗೆ ಬರುವ ಹಕ್ಕಿಲ್ಲ.

ಚೀಲ ಕಟ್ಟುವ ಮುಂಚೆ

ಯಾವ ಊರಿಗೇ ಹೋಗಲಿ, ಕೆಲವು ಮಾತು ಎಲ್ಲ ಕಡೆ ನಡೆಯುತ್ತದೆ.

ಮೊದಲು ತಿಂಗಳು. ಜೂನಿನಿಂದ ಸೆಪ್ಟೆಂಬರ್ ವರೆಗೆ ಕರಾವಳಿಯ ಮಳೆ ಎಂದರೆ ಆಟವಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರು ದಾಟುವ ಮಳೆಯ ಬಹುಪಾಲು ಈ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಘಟ್ಟದ ರಸ್ತೆ ಯಾವ ಹೊತ್ತಿಗೂ ಕುಸಿಯಬಹುದು. ಮಾರ್ಚ್ ಏಪ್ರಿಲಿನ ಮಧ್ಯಾಹ್ನ ಬೆವರಿ ನೀರಾಗುತ್ತೀರಿ. ನವೆಂಬರಿನಿಂದ ಫೆಬ್ರವರಿ ಸುಖ.

ಎರಡನೇದು, ವಾಪಸು ಬರುವ ಬಸ್ಸು. ಹೋಗುವ ಬಸ್ಸಿನ ಟೈಮು ಎಲ್ಲರೂ ಕೇಳುತ್ತಾರೆ, ಬರುವ ಕೊನೇ ಬಸ್ಸಿನ ಟೈಮು ಕೇಳುವವರು ಕಡಿಮೆ. ಇಳಿದ ಕೂಡಲೆ ಟೈಮ್‌ಕೀಪರನ್ನೋ ಎದುರಿನ ಗೂಡಂಗಡಿಯವರನ್ನೋ ವಿಚಾರಿಸಿಕೊಳ್ಳಿ. ಕೊನೇ ಬಸ್ಸನ್ನು ನಂಬಬೇಡಿ, ಅದರ ಹಿಂದಿನದನ್ನು ಹಿಡಿಯಿರಿ.

ಮೂರನೇದು ಖರ್ಚು. 2023ರ ಜೂನ್ 11ರಂದು ಸುರುವಾದ 'ಶಕ್ತಿ' ಯೋಜನೆಯಲ್ಲಿ ಹೆಂಗಸರಿಗೆ ಟಿಕೇಟಿಲ್ಲ ನಿಜ. ಆದರೆ ಅದು ಸಾಮಾನ್ಯ ಸರಕಾರಿ ಬಸ್ಸಿಗೆ, ರಾಜ್ಯದ ವಿಳಾಸದ ಗುರುತಿನ ಚೀಟಿ ತೋರಿಸಿದವರಿಗೆ. ಮಂಗಳೂರು, ಉಡುಪಿ, ಕುಂದಾಪುರದ ದಾರಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಅಲ್ಲಿ ಎಲ್ಲರಿಗೂ ಟಿಕೇಟು ಉಂಟು. ಪುತ್ತೂರು, ಸುಬ್ರಹ್ಮಣ್ಯದ ಕಡೆ ಸರಕಾರಿ ಬಸ್ಸು ಜಾಸ್ತಿ. ಮನೆಯ ಲೆಕ್ಕ ಹಾಕುವಾಗ ಈ ವ್ಯತ್ಯಾಸ ನೆನಪಿರಲಿ.

ನಾಲ್ಕನೇದು ಹೊಟ್ಟೆ. ವಾಂತಿ ಬರುವ ಮಕ್ಕಳಿಗೆ ಹೊರಡುವ ಮುಂಚೆ ಹೊಟ್ಟೆ ಬಿರಿಯ ತಿನ್ನಿಸಬೇಡಿ, ಖಾಲಿಯೂ ಬಿಡಬೇಡಿ. ಮುಂದಿನ ಸೀಟಿನಲ್ಲಿ ಕೂರಿಸಿ. ನೀರಿನ ಬಾಟ್ಲಿ, ಒಂದು ಟವೆಲು, ಒಂದು ಚೀಲ ಕೈಗೆ ಸಿಗುವಂತಿರಲಿ. ಮಧ್ಯಾಹ್ನ ಹನ್ನೆರಡೂವರೆಗೇ ಊಟಕ್ಕೆ ಕೂತರೆ ಎಲೆ ಸಿಗುತ್ತದೆ. ಎರಡು ಗಂಟೆಗೆ ಹೋದರೆ ಸಾರು ಮುಗಿದಿರುತ್ತದೆ.

ಕೊನೇದು, ಎಲ್ಲಕ್ಕಿಂತ ಅಗ್ಗದ್ದು. ಹೋಗುವ ಊರಿನ ಮೇಲೆ ಬರೆದ ಒಂದು ಪುಸ್ತಕವನ್ನು ಲೈಬ್ರರಿಯಿಂದ ತಂದು ವಾರದ ಮುಂಚೆ ಮನೆಯಲ್ಲಿ ಯಾರಾದರೂ ಒಬ್ಬರು ಓದಲಿ. ಬಸ್ಸಿನಲ್ಲಿ ಮಿಕ್ಕವರಿಗೆ ಕಥೆ ಹೇಳಲಿ. ಊರು ಬರುವಷ್ಟರಲ್ಲಿ ಆ ಊರು ಅರ್ಧ ಗುರುತಾಗಿರುತ್ತದೆ.

ಸಂಜೆಯ ಲೆಕ್ಕ

ಒಂದು ದಿನ, ಒಂದು ಊರು, ಒಂದು ಉದ್ದೇಶ. ಇಷ್ಟೇ. ಹೂವಿನ ವ್ಯಾಪಾರದವರು ಬೇರೆ ಊರಿನ ಹೂವಿನ ಮಾರುಕಟ್ಟೆ ನೋಡಲು ಹೋಗಬಹುದು. ಬಡಗಿ ಹಳೇ ಮನೆಗಳ ಕಂಬ ನೋಡಲು ಹೋಗಬಹುದು. ಭಜನೆ ಹಾಡುವವರು ಹಾಡು ಕೇಳಲು ಹೋಗಬಹುದು. ಕಾರಂತರಷ್ಟು ಹುಚ್ಚು ಎಲ್ಲರಿಗೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಒಂದು ಸಣ್ಣ ಹುಚ್ಚಾದರೂ ಇದ್ದರೆ ಪ್ರಯಾಣಕ್ಕೆ ದಾರಿ ತಾನೇ ಕಾಣುತ್ತದೆ.

ಸೋಮವಾರ ಬೆಳಿಗ್ಗೆ ಶಟರು ಎತ್ತುವಾಗ ಪಕ್ಕದ ಅಂಗಡಿಯವರು ಕೇಳಿಯೇ ಕೇಳುತ್ತಾರೆ, "ನಿನ್ನೆ ಎಲ್ಲಿಗೆ?" ಅಂತ. ಏಳು ದೇವಸ್ಥಾನದ ಪಟ್ಟಿ ಹೇಳಿದರೆ ಅವರು ತಲೆಯಾಡಿಸಿ ಪೇಪರು ಬಿಡಿಸುತ್ತಾರೆ. "ಕೋಡಿಯ ಕಡಲ ಹತ್ತಿರ ಕೂತು ಬಂದೆವು, ಅಲ್ಲಿ ಒಂದು ಕಥೆ ಉಂಟು ಗೊತ್ತುಂಟಾ?" ಅಂತ ಸುರು ಮಾಡಿ ನೋಡಿ. ಪೇಪರು ಮಡಿಸಿಟ್ಟು ಸ್ಟೂಲು ಎಳೆದುಕೊಳ್ಳುತ್ತಾರೆ.